ಹೆಂಗಸರ ಹೃದಯಕ್ಕೆ ತುದಿ ಇಲ್ಲವೇ?

ಆಕೆಗೆ ಪತ್ತೇದಾರಮ್ಮ ಎಂದು ಹೆಸರಿಟ್ಟವನು ನಾನೇ. ಒಳ್ಳೆಯ ಮನಸ್ಸಿನಿಂದ ಇಟ್ಟದ್ದಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಮ್ಮ ಆಸ್ಪತ್ರೆಯ ಎಕೋ ಕೋಣೆಗೆ ಇಪ್ಪತ್ತೆರಡು ವರ್ಷ ನಾನೊಬ್ಬನೇ ರಾಜ. ಸುತ್ತಲಿನ ಹತ್ತಾರು ಊರಿಗೆ ಇದೊಂದೇ ದೊಡ್ಡಾಸ್ಪತ್ರೆ. ಎದೆ ಹಿಡಿಯುತ್ತದೆ, ಉಸಿರು ಕಟ್ಟುತ್ತದೆ ಎಂದು ಬಂದವರೆಲ್ಲ ಕೊನೆಗೆ ನನ್ನ ಮಂಚದ ಮೇಲೆ ಎಡಮಗ್ಗುಲಾಗಿ ಮಲಗಲೇಬೇಕು. ಎದೆಗೆ ತಣ್ಣನೆಯ ಜೆಲ್ ಹಚ್ಚಿ, ಸೋಪಿನಷ್ಟಗಲದ ಪ್ರೋಬನ್ನು ಪಕ್ಕೆಲುಬುಗಳ ಸಂದಿಯಲ್ಲಿ ಒತ್ತಿ ಹಿಡಿದರೆ ಒಳಗೆ ಬಡಿಯುತ್ತಿರುವ ಹೃದಯ ಸ್ಕ್ರೀನಿನ ಮೇಲೆ ಬರುತ್ತದೆ. ಅದನ್ನು ಅಳೆದು ವರದಿ ಬರೆಯುವುದು ನನ್ನ ಕೆಲಸ. ಹೃದಯದ ಡಾಕ್ಟರು ಬೇರೆ ಊರಿನಿಂದ ಗುರುವಾರ ಮಾತ್ರ ಬರುತ್ತಾರೆ. ಅವರ ಬಾಗಿಲ ಮುಂದೆ ಅರುವತ್ತು ಜನ ಕಾದಿರುತ್ತಾರೆ. ನನ್ನ ವರದಿಯ ಮೇಲೊಮ್ಮೆ ಕಣ್ಣಾಡಿಸಿ, "ನೀನು ನೋಡಿದೀಯಲ್ಲ, ಸಾಕು ಬಿಡಪ್ಪ" ಎಂದು ಸಹಿ ಹಾಕುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ನನ್ನ ಎದೆ ಎರಡಿಂಚು ಉಬ್ಬುತ್ತಿತ್ತು.

ಹೀಗಿರುವಾಗ ಜನ ಜಾಸ್ತಿಯಾದರೆಂದು ಎರಡನೆಯ ಮಿಷನ್ ಬಂತು. ಮಿಷನ್ ಹಿಂದೆಯೇ ಆಕೆ ಬಂದಳು. ಮೂವತ್ತೈದರ ಆಸುಪಾಸು, ಕುಳ್ಳಗೆ, ದಪ್ಪ ಕನ್ನಡಕ, ಸದಾ ಒಂದು ಹುಬ್ಬು ಮೇಲೆ. ಮೊದಲ ದಿನವೇ ಹೊಸ ಜೆಲ್ ಬಾಟಲಿಯ ಮೇಲಿನ ತಾರೀಖು ಓದಿದಳು. ಓದಿ, ಬಾಟಲಿಯನ್ನು ತಿರುಗಿಸಿ ಇನ್ನೊಂದು ಕಡೆ ಇನ್ನೊಂದು ತಾರೀಖು ಇದೆಯೇ ಎಂದು ನೋಡಿದಳು.

"ಅದನ್ನ ಕುಡಿಯೋದಲ್ಲ ಮೇಡಂ, ಹಚ್ಚೋದು" ಎಂದೆ.

"ಗೊತ್ತು ಸರ್. ಆದ್ರೂ ಒಂದ್ಸಲ ನೋಡಿಬಿಟ್ರೆ ಮನಸ್ಸಿಗೆ ಸಮಾಧಾನ."

ಆಕೆಯ ಮನಸ್ಸಿಗೆ ಸಮಾಧಾನ ಎಂಬುದು ಇತ್ತೆಂದು ನನಗೇನೂ ಅನಿಸಲಿಲ್ಲ. ಸಂಜೆ ಕೋಣೆಗೆ ಬೀಗ ಹಾಕಿ, ಎಳೆದು ನೋಡಿ, ಹತ್ತು ಹೆಜ್ಜೆ ಹೋಗಿ, ಮತ್ತೆ ಬಂದು ಎಳೆಯುವಳು. ಕ್ಯಾಂಟೀನಿನಲ್ಲಿ ಟೀ ಕೊಟ್ಟರೆ ಮೊದಲು ಲೋಟದ ತಳ ನೋಡುವಳು. ಬಸ್ಸು ಹತ್ತುವ ಮುಂಚೆ ಬೋರ್ಡು ಓದಿ, ಡ್ರೈವರನ್ನು ಕೇಳಿ, ಆಮೇಲೆ ಒಳಗೆ ಕೂತವರನ್ನೂ ಕೇಳುವಳು. ಇದನ್ನೆಲ್ಲ ನನಗೆ ಹೇಳಿದವನು ಆಕೆಯ ಗಂಡ. ಶಾಲೆಯಲ್ಲಿ ಚಿತ್ರಕಲೆ ಕಲಿಸುವ ಮೇಷ್ಟ್ರು, ಯಾರು ಏನು ಹೇಳಿದರೂ ನಂಬುವ ಪುಣ್ಯಾತ್ಮ. ಒಂದು ದಿನ ಆಕೆಯ ಕನ್ನಡಕ ಕೊಡಲು ಬಂದವನು ಬಾಗಿಲಲ್ಲಿ ನಿಂತು ನಗುತ್ತಾ, "ನಾನು ಮದುವೆಗೆ ಒಪ್ಪಿದೆ ಅಂದಾಗ್ಲೂ ಇವಳು ಮೂರು ದಿನ ಬಿಟ್ಟು ಮತ್ತೆ ಕೇಳಿದ್ಲು ಸರ್" ಎಂದ. ಆಕೆ ಒಳಗಿನಿಂದಲೇ, "ಮೂರಲ್ಲ, ನಾಲ್ಕು" ಎಂದಳು.

ನಗಿಸುವ ವಿಷಯವೇ. ಆದರೆ ಆ ಹುಬ್ಬು ನನ್ನ ಕೆಲಸದ ಕಡೆ ಏರಿದಾಗ ನನಗೆ ನಗು ಬರಲಿಲ್ಲ.

ಆಕೆಯದೊಂದು ವಿಚಿತ್ರ ಪದ್ಧತಿ. ರೋಗಿಯ ಕೈಯಲ್ಲಿ ಹಳೆಯ ವರದಿ ಇದ್ದರೆ ಅದನ್ನು ಓದುವುದಿಲ್ಲ. ಮಗುಚಿ ಮೇಜಿನ ಮೇಲಿಟ್ಟು, ಮೇಲೆ ಜೆಲ್ ಬಾಟಲಿ ಕೂರಿಸಿ, ತಾನು ಪೂರ್ತಿ ಅಳೆದು ಬರೆದ ಮೇಲಷ್ಟೇ ತೆರೆಯುವುದು. ಮೊದಲೇ ಓದಿದರೆ ಕಣ್ಣು ಅದನ್ನೇ ಹುಡುಕುತ್ತದಂತೆ. ಹಳೆಯ ವರದಿಗಳೆಲ್ಲ ನಾನು ಬರೆದವು. ನನ್ನ ಕಣ್ಣೆದುರೇ ನನ್ನ ವರದಿಗಳನ್ನು ಕವುಚಿ ಹಾಕುವುದನ್ನು ನೋಡಿದರೆ ಮೈ ಉರಿಯದೆ ಇರುತ್ತದೆಯೇ? ಹೊಸ ಡಿಗ್ರಿ, ಹೊಸ ಮಿಷನ್, ಹೊಸ ಠೀವಿ ಎಂದು ಹಲ್ಲು ಕಡಿದುಕೊಂಡು ಸುಮ್ಮನಿದ್ದೆ.

ಬಂದು ಎರಡು ತಿಂಗಳಾಗಿರಬೇಕು. ಮಧ್ಯಾಹ್ನ ಊಟದ ಡಬ್ಬಿ ತೆರೆಯುತ್ತಾ, ಹವಾಮಾನ ವಿಚಾರಿಸುವ ಧಾಟಿಯಲ್ಲಿ ಕೇಳಿದಳು. "ಸರ್, ಹೆಂಗಸರ ಹೃದಯಕ್ಕೆ ತುದಿ ಇರಲ್ವಾ?"

"ಇದೆಂಥ ಪ್ರಶ್ನೆ ಮೇಡಂ?"

"ಏನಿಲ್ಲ. ಹಳೇ ವರದಿ ನೋಡ್ತಿದ್ದೆ. ಗಂಡಸರಲ್ಲಿ ಸುಮಾರು ಜನಕ್ಕೆ ತುದಿ ಕೆಟ್ಟಿದೆ ಅಂತ ಬರೆದಿದೀರಿ. ಹೆಂಗಸರಲ್ಲಿ ಒಬ್ಬರಿಗೂ ಇಲ್ಲ. ಎರಡು ವರ್ಷದಲ್ಲಿ ಒಬ್ಬರಿಗೂ."

"ಹೆಂಗಸರು ಗಟ್ಟಿ" ಎಂದು ನಕ್ಕುಬಿಟ್ಟೆ. ಆಕೆ ನಗಲಿಲ್ಲ. ಡಬ್ಬಿಯೊಳಗೆ ಇಣುಕಿ ನೋಡಿ ಊಟ ಶುರು ಮಾಡಿದಳು.

ಅವತ್ತಿನಿಂದ ನನಗೆ ಅನುಮಾನ ಹತ್ತಿಕೊಂಡಿತು. ಆಕೆ ಯಾಕೆ ಹಳೆಯ ವರದಿ ನೋಡಬೇಕು? ಯಾರು ಹೇಳಿದರು? ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದೆ. ದಾಖಲೆ ವಿಭಾಗದ ಗುಮಾಸ್ತ ಬಂದು ಹಳೆಯ ಸಿ.ಡಿ.ಗಳ ಕಟ್ಟು ಕೊಟ್ಟು ಹೋಗುತ್ತಿದ್ದ. ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದ. ಆಕೆ ಊಟವಾದ ಕೂಡಲೇ ತನ್ನ ಮಿಷನ್ನಿನ ಮುಂದೆ ಕೂತು ನನ್ನ ಹಳೆಯ ಚಿತ್ರಗಳನ್ನು ಒಂದೊಂದಾಗಿ ಓಡಿಸುತ್ತಿದ್ದಳು. ನಾನು ಒಳಗೆ ಬಂದರೆ ಸ್ಕ್ರೀನ್ ತಟ್ಟನೆ ಕಪ್ಪಾಗುತ್ತಿತ್ತು. ಹಸಿರು ರಟ್ಟಿನ ಒಂದು ನೋಟುಬುಕ್ಕು ಬೇರೆ. ಅದರಲ್ಲಿ ಏನೋ ಬರೆದು, ಡ್ರಾಯರಿನಲ್ಲಿಟ್ಟು, ಕೀಲಿ ತಿರುಗಿಸಿ, ಎಳೆದು ನೋಡುವಳು.

ನಮ್ಮಿಬ್ಬರ ನಡುವೆ ಹೀಗೆ ಕಣ್ಣಾಮುಚ್ಚಾಲೆ ನಡೆಯುತ್ತಿದ್ದಾಗ ಮನೆಯಲ್ಲಿ ನನ್ನ ಅಕ್ಕ ಮೆಟ್ಟಿಲ ಮೇಲೆ ನಿಲ್ಲತೊಡಗಿದ್ದಳು.

ಅಕ್ಕನ ವಿಷಯ ಹೇಳಬೇಕು. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅಮ್ಮ ಹೋದಾಗ ನನಗೆ ನಾಲ್ಕು ವರ್ಷ. ನನ್ನ ಮೈ ತೊಳೆದು, ತಲೆ ಬಾಚಿ, ಬೈದು, ಓದಿಸಿದವಳು ಅಕ್ಕ. ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸ. ದಿನವಿಡೀ ನಿಂತುಕೊಂಡೇ ಇರಬೇಕು. ಅವಳೂ ಮದುವೆಯಾಗಲಿಲ್ಲ, ನಾನೂ ಆಗಲಿಲ್ಲ. ಇಬ್ಬರೂ ಮೂರನೆಯ ಮಹಡಿಯಲ್ಲಿ ಎರಡು ಕೋಣೆಯ ಮನೆಯಲ್ಲಿ ಜಗಳವಾಡಿಕೊಂಡು ಸುಖವಾಗಿದ್ದೆವು. ಲಿಫ್ಟ್ ಇಲ್ಲ. ಐವತ್ತೆರಡು ಮೆಟ್ಟಿಲು.

ವರ್ಷದ ಹಿಂದೆ ಒಂದು ಭಾನುವಾರ ಅಕ್ಕನಿಗೆ ದವಡೆ ಸೆಳೆತ, ಬೆವರು, ಎರಡು ಸಲ ವಾಂತಿ. ತಿಂದದ್ದು ಸರಿ ಹೋಗಲಿಲ್ಲ ಎಂದುಕೊಂಡೆವು. ಎರಡು ದಿನ ಮಲಗಿ ಎದ್ದು ಅಂಗಡಿಗೆ ಹೋದಳು. ಅದಾದ ಮೇಲೆ ಸುಸ್ತು. ಇಸಿಜಿ ತೆಗೆಸಿದೆ, ಚೂರು ವ್ಯತ್ಯಾಸ ಇತ್ತು. ಡಾಕ್ಟರು, "ಹೆಂಗಸರ ಇಸಿಜಿ ಕೆಲವು ಸಲ ಹೀಗೇ ಬರುತ್ತೆ, ಎಕೋ ನೋಡಿಬಿಡು" ಎಂದರು. ನೋಡಿದೆ. ಎಲ್ಲ ಚೆನ್ನಾಗಿತ್ತು. ಎಂಟು ತಿಂಗಳು ಬಿಟ್ಟು ಮತ್ತೆ ಉಬ್ಬಸ ಎಂದಳು. ಮತ್ತೆ ನೋಡಿದೆ. ಮತ್ತೆ ಎಲ್ಲ ಚೆನ್ನಾಗಿತ್ತು. "ಏನೂ ಇಲ್ಲ ಅಕ್ಕ, ವಯಸ್ಸು ಅಷ್ಟೆ. ಸ್ವಲ್ಪ ನಡೆದಾಡು. ಕೂತ್ಕೊಂಡ್ರೆ ಮೈ ಕೂತ್ಕೊಳ್ಳುತ್ತೆ" ಎಂದು ಬುದ್ಧಿ ಹೇಳಿದೆ. ದಿನವಿಡೀ ನಿಂತಿರುವವಳಿಗೆ!

ಅವಳು ನನ್ನ ಮಾತು ನಂಬಿದಳು. ಯಾಕೆ ನಂಬಬಾರದು? ಸುತ್ತಲಿನ ಹತ್ತಾರು ಊರೇ ನಂಬುತ್ತಿತ್ತು. ಆದರೆ ಸಂಜೆ ತರಕಾರಿ ಚೀಲ ಹಿಡಿದು ಹತ್ತುವಾಗ ಒಂದೊಂದು ಮಹಡಿಗೂ ನಿಂತು ಪರ್ಸಿನಲ್ಲಿ ಕೀಲಿ ಹುಡುಕುವಳು. ಮೊದಲನೆಯ ಮಹಡಿಯಲ್ಲಿ ಯಾಕೆ ಕೀಲಿ ಬೇಕು ಎಂದು ನಾನು ಕೇಳಲಿಲ್ಲ. ಕೇಳಬಾರದೆಂದೇ ಕೇಳಲಿಲ್ಲವೋ ಏನೋ.

ಮತ್ತೆ ಹಸಿರು ನೋಟುಬುಕ್ಕಿಗೆ ಬರುತ್ತೇನೆ. ಒಂದು ದಿನ ಆಕೆಗೆ ವಾರ್ಡಿನಿಂದ ತುರ್ತು ಕರೆ ಬಂತು. ಮಿಷನ್ ತಳ್ಳಿಕೊಂಡು ಓಡಿದಳು. ಡ್ರಾಯರಿನಲ್ಲಿ ಕೀಲಿ ಹಾಗೇ ಇತ್ತು. ಅಪರೂಪಕ್ಕೆ ಸಿಕ್ಕಿದ ಅವಕಾಶ. ನಾನೇನೂ ಸತ್ಯಸಂಧನಲ್ಲ, ತೆರೆದೇಬಿಟ್ಟೆ.

ಒಳಗೆ ಬರೀ ಹೆಂಗಸರ ಹೆಸರು. ಒಂದರ ಕೆಳಗೊಂದು. ಕೊನೆಯ ಪುಟದ ಕ್ರಮಸಂಖ್ಯೆ ಮಾತ್ರ ನೋಡಿದೆ, ಮೂವತ್ತಮೂರು. ಪಕ್ಕದಲ್ಲಿ ವಯಸ್ಸು, ಫೋನ್ ನಂಬರು, ನಾನು ಎಕೋ ಮಾಡಿದ ತಾರೀಖು, ಏನೋ ಅಂಕಿಗಳು. ಕೆಲವರ ಹೆಸರಿನ ಮುಂದೆ 'ಫೋನ್ ಮಾಡಿದೆ, ಬಂದರು' ಎಂದಿತ್ತು. ಪುಟದ ನೆತ್ತಿಯಲ್ಲಿ ನನ್ನ ಹೆಸರು, ಅದರ ಕೆಳಗೆ ಎರಡು ಗೆರೆ.

ಗಂಡಸು ಟೆಕ್ನಿಷಿಯನ್, ಮುಚ್ಚಿದ ಕೋಣೆ, ಹೆಂಗಸರ ಪಟ್ಟಿ. ಒಬ್ಬೊಬ್ಬರಿಗೂ ಗುಟ್ಟಾಗಿ ಫೋನ್ ಮಾಡಿ ಕರೆಸಿದ್ದಾಳೆ. ಇದರ ಅರ್ಥ ಏನೆಂದು ಯಾರಾದರೂ ಬಿಡಿಸಿ ಹೇಳಬೇಕೇ? ಅಯ್ಯೋ, ಇಪ್ಪತ್ತೆರಡು ವರ್ಷ! ಒಬ್ಬ ಹೆಂಗಸೂ ನನ್ನ ಮಂಚದಿಂದ ಮುಜುಗರಪಟ್ಟು ಎದ್ದು ಹೋಗಿಲ್ಲ ಎಂಬುದೇ ನನ್ನ ಹೆಮ್ಮೆಯಾಗಿತ್ತು. "ಆ ಅಣ್ಣ ಬಲು ಮರ್ಯಾದಸ್ಥ" ಎಂದು ಹೆಂಗಸರೇ ಒಬ್ಬರಿಗೊಬ್ಬರು ಹೇಳಿ ಕಳಿಸುತ್ತಿದ್ದರು. ಬಟ್ಟೆ ಪೂರ್ತಿ ಬಿಚ್ಚಲು ಹೇಳುತ್ತಿರಲಿಲ್ಲ. ಮೇಲಿನ ಎರಡು ಗುಂಡಿ ತೆಗೆದರೆ ಸಾಕು, ಅಷ್ಟರಲ್ಲೇ ಮುಗಿಸುತ್ತಿದ್ದೆ. ಅಂಥವನ ಮೇಲೆ ಈ ಅಪವಾದವೇ?

ಆಕೆ ವಾಪಸು ಬಂದಾಗ ನೋಟುಬುಕ್ಕು ನನ್ನ ಕೈಯಲ್ಲೇ ಇತ್ತು.

"ಏನಮ್ಮಾ ಇದು?" ಎಂದೆ. "ನನ್ನ ಬೆನ್ನ ಹಿಂದೆ ಕತ್ತಿ ಮಸೀತಿದೀರಾ? ಕೇಳಿ, ಯಾರನ್ನ ಬೇಕಾದ್ರೂ ಕರೆಸಿ ಕೇಳಿ. ಒಬ್ಬ ಹೆಂಗಸನ್ನಾದ್ರೂ ನಾನು ಕೆಟ್ಟದಾಗಿ ಮುಟ್ಟಿದ್ರೆ ಈ ಕೈ ಕತ್ತರಿಸಿ ಕೊಡ್ತೀನಿ!"

ಆಕೆ ಬಾಗಿಲು ಹಾಕಿದಳು. ಕನ್ನಡಕ ತೆಗೆದು ಒರೆಸಿಕೊಂಡಳು. ಮೊದಲ ಸಲ ಆ ಹುಬ್ಬು ಕೆಳಗಿಳಿದದ್ದು ಕಂಡೆ.

"ಅಯ್ಯೋ ಸರ್, ನನ್ನ ತಕರಾರು ಅದಲ್ಲ. ನೀವು ಮುಟ್ಟಬೇಕಾದ ಕಡೆ ಮುಟ್ಟೇ ಇಲ್ಲ."

ನನಗೆ ಅರ್ಥವಾಗಲಿಲ್ಲ. ಆಕೆ ಕುರ್ಚಿ ಎಳೆದು ಕೂತು ನಿಧಾನವಾಗಿ ಹೇಳಿದಳು. ಹೃದಯದ ತುದಿ ಇರುವುದು ಎಡ ಸ್ತನದ ಕೆಳಗೆ. ಅದನ್ನು ನೋಡಬೇಕಾದರೆ ಬಟ್ಟೆ ಸರಿಸಿ, ಸ್ತನವನ್ನು ಮೇಲಕ್ಕೆತ್ತಿ, ಅದರ ಅಡಿಯಲ್ಲಿ ಪ್ರೋಬ್ ಇಡಬೇಕು. ಗಂಡಸರಲ್ಲಿ ನಾನು ಸರಿಯಾಗೇ ಇಡುತ್ತಿದ್ದೆ. ಹೆಂಗಸರಲ್ಲಿ ಎರಡು ಪಕ್ಕೆಲುಬು ಮೇಲೇ ನಿಂತುಬಿಡುತ್ತಿದ್ದೆ. ಅಲ್ಲಿಂದಲೂ ಹೃದಯ ಕಾಣುತ್ತದೆ, ಅಂದವಾಗಿಯೇ ಕಾಣುತ್ತದೆ. ಆದರೆ ಓರೆಯಾಗಿ ಕತ್ತರಿಸಿದ ಹೃದಯ ಅದು. ತುದಿ ಚಿತ್ರಕ್ಕೆ ಬರುವುದೇ ಇಲ್ಲ. ಹೃದಯದ ಪಕ್ಕದ ಗೋಡೆಯನ್ನೇ ತುದಿ ಎಂದುಕೊಂಡು ಅಳೆದರೆ ಎಲ್ಲವೂ ಚೆನ್ನಾಗಿ ಬಡಿಯುತ್ತಿರುವಂತೆ ತೋರುತ್ತದೆ.

ಇದು ನನಗೆ ಗೊತ್ತಿಲ್ಲದ ಪಾಠವೇನಲ್ಲ. ಕಲಿಯುವಾಗ ಮೊದಲ ವಾರವೇ ಹೇಳಿಕೊಟ್ಟಿದ್ದರು. ಮರ್ಯಾದೆ ಮರ್ಯಾದೆ ಎನ್ನುತ್ತಾ ವರ್ಷಕ್ಕಿಷ್ಟು ಮೇಲೆ ಸರಿದಿದ್ದೆ. ಮೇಲೆ ಸರಿದ ಜಾಗವೇ ಸರಿಯಾದ ಜಾಗವಾಗಿಬಿಟ್ಟಿತ್ತು.

ಅವತ್ತು ಮಾತ್ರ ಇಷ್ಟು ಸುಲಭವಾಗಿ ಒಪ್ಪಲಿಲ್ಲ ಬಿಡಿ. "ಪುಸ್ತಕದ ಬದನೆಕಾಯಿ ನನಗೆ ಹೇಳ್ಬೇಡಿ" ಎಂದು ಹಾರಾಡಿದೆ.

"ನನಗೂ ಗ್ಯಾರಂಟಿ ಇರಲಿಲ್ಲ ಸರ್. ಒಂದೇ ದಿನದ ಎರಡು ಚಿತ್ರದಲ್ಲಿ ಹೃದಯದ ಉದ್ದ ಬೇರೆ ಬೇರೆ ಬಂದವರನ್ನ ಪಟ್ಟಿ ಮಾಡಿದೆ. ನನಗೆ ನನ್ನ ಅನುಮಾನದ ಮೇಲೇ ಅನುಮಾನ. ಅದಕ್ಕೇ ಯಾರಿಗೂ ಹೇಳದೆ ಎಂಟು ಜನರನ್ನ ಕರೆಸಿ ನೋಡಿದೆ. ಐದು ಜನ ಚೆನ್ನಾಗಿದಾರೆ. ನೀವು ಬರೆದಿದ್ದು ಸರಿ ಇತ್ತು. ಮೂರು ಜನಕ್ಕೆ ತುದಿ ಸತ್ತಿದೆ. ಮೊನ್ನೆ ಗುರುವಾರ ಅವರನ್ನ ಡಾಕ್ಟರಿಗೆ ತೋರಿಸಿದೆ. ಹಳೇ ವರದಿ ಹೀಗ್ಯಾಕೆ ಅಂತ ಅವರು ಕೇಳಿದ್ರು. ನಿಮ್ಮ ಹತ್ರ ಮೊದಲು ಮಾತಾಡ್ತೀನಿ ಅಂದೆ."

ಆಕೆ ನೋಟುಬುಕ್ಕಿನ ಎರಡನೆಯ ಪುಟ ತೆಗೆದು ಒಂಬತ್ತನೆಯ ಹೆಸರಿನ ಮೇಲೆ ಬೆರಳಿಟ್ಟಳು. ನನ್ನ ಅಕ್ಕನ ಹೆಸರು. ಮುಂದೆ ಫೋನ್ ನಂಬರು ಇರಲಿಲ್ಲ. 'ತಮ್ಮನೇ ಕರೆತರಬೇಕು' ಎಂದು ಬರೆದಿತ್ತು.

"ನಿಮಗೆ ಹೇಳದೆ ಅವರಿಗೆ ಫೋನ್ ಮಾಡೋಕೆ ಮನಸ್ಸು ಬರಲಿಲ್ಲ. ಆದ್ರೆ ತಡ ಮಾಡ್ಬೇಡಿ ಸರ್. ನಾಳೆನೇ ಕರ್ಕೊಂಡ್ಬನ್ನಿ."

ನಾಳೆ ಕರೆದೊಯ್ಯಲಿಲ್ಲ. ನಾಡಿದ್ದೂ ಇಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಆರು ದಿನ ಸುಮ್ಮನಿದ್ದೆ. ಆಕೆ ಹೇಳಿದ್ದು ಸುಳ್ಳೆಂದಲ್ಲ, ನಿಜವಾಗಿಬಿಟ್ಟರೆ ಎಂದು. ಒಳಗೊಳಗೇ ಆಕೆಯನ್ನು ಅನುಮಾನಿಸುತ್ತಿದ್ದೆ: ಆ ಮೂವರ ತುದಿ ನಾನು ನೋಡಿದ ಮೇಲೆ ಕೆಟ್ಟಿರಬಹುದಲ್ಲ? ಡಾಕ್ಟರ ಮುಂದೆ ಹೀರೋಯಿನ್ ಆಗಲು ದೊಡ್ಡದು ಮಾಡುತ್ತಿರಬಹುದಲ್ಲ? ನನ್ನ ಕುರ್ಚಿಯ ಮೇಲೆ ಕಣ್ಣಿರಬಹುದಲ್ಲ? ದಿನಾ ಬೆಳಿಗ್ಗೆ ಆಕೆ ನನ್ನ ಮುಖ ನೋಡುವಳು. ನಾನು ಗೋಡೆ ನೋಡುವೆ. ಮನೆಗೆ ಬಂದರೆ ಅಕ್ಕ ಮೊದಲನೆಯ ಮಹಡಿಯಲ್ಲಿ ಕೀಲಿ ಹುಡುಕುತ್ತಿರುವಳು. "ಕೊಡು ಇಲ್ಲಿ ಚೀಲ" ಎಂದು ಕಿತ್ತುಕೊಂಡು ಹತ್ತಿಬಿಡುವೆ, ಹಿಂತಿರುಗಿ ನೋಡದೆ.

ಆರನೆಯ ದಿನ ಮಧ್ಯಾಹ್ನ ಆಕೆ ಊಟಕ್ಕೆ ಹೋದಾಗ ಅಕ್ಕನ ಹಳೆಯ ಚಿತ್ರಗಳನ್ನು ನಾನೇ ತೆಗೆದೆ. ನನ್ನ ವರದಿಯನ್ನು ಓದಲಿಲ್ಲ. ಕವುಚಿ ಹಾಕಿ ಮೇಲೆ ಬಾಟಲಿ ಇಟ್ಟೆ. ಅಕ್ಕನನ್ನು ಮಲಗಿಸಿದ ದಿನ ಕಣ್ಣಿಗೆ ಕಟ್ಟಿತು. ನನ್ನ ಮೈ ತೊಳೆದು ಬೆಳೆಸಿದವಳ ಎದೆಗೆ ಕೈ ಹಾಕಬೇಕಲ್ಲ ಎಂದು ನನಗೆ ಸಂಕೋಚವೋ ಸಂಕೋಚ. ಮುಖ ಆ ಕಡೆ ತಿರುಗಿಸಿ, ಕೊರಳ ಎಲುಬಿನಿಂದ ನಾಲ್ಕು ಬೆರಳು ಕೆಳಗೆ ಪ್ರೋಬ್ ಇಟ್ಟು, ಐದೇ ನಿಮಿಷಕ್ಕೆ ಮುಗಿಸಿದ್ದೆ. ಬೇರೆ ಹೆಂಗಸರಿಗಿಂತಲೂ ಮೇಲೆ ಇಟ್ಟಿದ್ದೆ.

ಹೃದಯದ ಉದ್ದ ಅಳೆದೆ. ಒಂದು ಚಿತ್ರದಲ್ಲಿ ಆರು ಸೆಂಟಿಮೀಟರು. ಅದೇ ದಿನ, ಎರಡು ನಿಮಿಷದ ನಂತರ ತೆಗೆದ ಇನ್ನೊಂದರಲ್ಲಿ ಏಳು ಕಾಲು. ಎರಡು ನಿಮಿಷದಲ್ಲಿ ಯಾರ ಹೃದಯವೂ ಒಂದೂಕಾಲು ಸೆಂಟಿಮೀಟರು ಬೆಳೆಯುವುದಿಲ್ಲ. ಮತ್ತೆ ಅಳೆದೆ. ಮತ್ತೂ ಅಳೆದೆ. ಇಪ್ಪತ್ತೆರಡು ವರ್ಷ ಅಳೆದವನಿಗೆ ಅಂಕಿ ಸುಳ್ಳು ಹೇಳುತ್ತಿಲ್ಲ ಎಂದು ಗೊತ್ತಾಗಲು ಮೂರನೆಯ ಸಲ ಬೇಕಿರಲಿಲ್ಲ.

ಅಂಗಡಿಗೇ ಹೋದೆ. ಅಕ್ಕ ನೀಲಿ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು.

"ಏನೋ, ಇಷ್ಟೊತ್ತಿಗೆ? ಕೆಲಸದಿಂದ ಓಡಿಸಿದ್ರಾ?"

"ಬಾ ಅಕ್ಕ, ಇನ್ನೊಂದ್ಸಲ ಎಕೋ ನೋಡ್ಬೇಕು."

"ಏನೂ ಇಲ್ಲ ಅಂದ್ಯಲ್ಲೋ."

"ಅಂದೆ. ಬಾ."

ಅವಳು ಕತ್ತರಿ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. ಮತ್ತೇನೂ ಕೇಳದೆ ಚಪ್ಪಲಿ ಮೆಟ್ಟಿದಳು.

ಪತ್ತೇದಾರಮ್ಮ ನಮ್ಮಿಬ್ಬರನ್ನು ಬಾಗಿಲಲ್ಲಿ ಕಂಡವಳೇ ಎದ್ದುಬಂದಳು. ಅಕ್ಕನನ್ನು ಪರದೆಯ ಹಿಂದೆ ಕರೆದುಕೊಂಡು ಹೋದಳು. ಮಿಷನ್ನಿನ ಸ್ಕ್ರೀನನ್ನು ತನಗೂ ನನಗೂ ಕಾಣುವಂತೆ ಪರದೆಯ ಅಂಚಿಗೆ ತಿರುಗಿಸಿದಳು. ಆಕೆಯ ಮಾತು ಮಾತ್ರ ಕೇಳುತ್ತಿತ್ತು. "ಅಮ್ಮಾ, ಬಟ್ಟೆ ಪೂರ್ತಿ ತೆಗೀಬೇಕು. ಈ ಟವಲ್ ಹೊದ್ಕೊಳ್ಳಿ. ನಾನು ಎಡಗಡೆ ಸ್ವಲ್ಪ ಎತ್ತಿ ಹಿಡೀತೀನಿ, ಕೆಳಗಿಂದ ನೋಡ್ಬೇಕು. ಜೆಲ್ ತಣ್ಣಗಿರುತ್ತೆ, ಬೈಕೋಬೇಡಿ."

"ಬೈಯೋದಿದ್ರೆ ಅವನನ್ನ ಬೈತೀನಿ" ಎಂದಳು ಅಕ್ಕ.

"ಉಸಿರು ಹೊರಗೆ ಬಿಡಿ. ಇನ್ನೂ. ಹಾಗೇ ಹಿಡ್ಕೊಳ್ಳಿ."

ಸ್ಕ್ರೀನಿನ ಮೇಲೆ ಹೃದಯ ಬಂತು. ಮೊದಲು ನನಗೆ ಪರಿಚಯವಿದ್ದ ಗುಂಡನೆಯ ಹೃದಯ. ಆಕೆ ಪ್ರೋಬನ್ನು ಕೆಳಗೆ ಜಾರಿಸಿದಳು; ಅದು ಉದ್ದವಾಯಿತು. ಇನ್ನೂ ಜಾರಿಸಿದಳು, ಇನ್ನೂ ಉದ್ದವಾಯಿತು. ಆಮೇಲೆ ತುದಿ ಬಂತು. ಉಳಿದ ಹೃದಯವೆಲ್ಲ ಒಳಗೆ ಹಿಂಡಿಕೊಳ್ಳುವಾಗ ಅದೊಂದು ಮಾತ್ರ ತೆಳ್ಳಗೆ, ಸತ್ತು, ಸಡಿಲ ಜೇಬಿನ ಹಾಗೆ ಹೊರಕ್ಕೆ ಉಬ್ಬುತ್ತಿತ್ತು. ಆ ಜೇಬಿನೊಳಗೆ ನೆಲ್ಲಿಕಾಯಿಯಷ್ಟು ದೊಡ್ಡದೊಂದು ರಕ್ತದ ಗಡ್ಡೆ. ಅದರ ಒಂದು ಅಂಚು ಪ್ರತಿ ಬಡಿತಕ್ಕೂ ಅಲುಗಾಡುತ್ತಿತ್ತು.

ಆ ಅಂಚು ಕಿತ್ತುಕೊಂಡರೆ ನೇರ ಮಿದುಳಿಗೆ ಹೋಗಬಹುದು. ಒಂದು ಕೈ, ಒಂದು ಕಾಲು, ಮಾತು, ಜೀವ, ಏನು ಬೇಕಾದರೂ ಹೋಗಬಹುದು. ಇವತ್ತು ಹೋಗಬಹುದಿತ್ತು. ನಾನು ಗೋಡೆ ನೋಡುತ್ತಿದ್ದ ಆ ಆರು ದಿನದಲ್ಲಿ ಯಾವತ್ತು ಬೇಕಾದರೂ ಹೋಗಬಹುದಿತ್ತು. ನಾನು ಮಿಷನ್ನಿನ ಅಂಚು ಹಿಡಿದುಕೊಂಡೆ.

"ಏನಂತೆ?" ಪರದೆಯ ಆಚೆಯಿಂದ ಅಕ್ಕ ಕೇಳಿದಳು. ನನ್ನನ್ನೇ ಕೇಳಿದ್ದು.

ಪತ್ತೇದಾರಮ್ಮನೇ ಹೇಳಿದಳು, ಸುತ್ತಿಬಳಸದೆ. ಹಿಂದೊಮ್ಮೆ ಹೃದಯಾಘಾತವಾಗಿದೆ, ಮಲಗುವಾಗ ಅಕ್ಕ ಹೇಳಿದ ಆ ವಾಂತಿಯ ದಿನವೇ ಇರಬೇಕು, ತುದಿ ಹೋಗಿದೆ, ಒಳಗೆ ಗಡ್ಡೆ ಇದೆ, ಇವತ್ತೇ ಭರ್ತಿ. ಅಕ್ಕ "ಓ" ಎಂದಳು. ಆಮೇಲೆ, "ಅಂಗಡಿಗೆ ಯಾರಾದ್ರೂ ಹೇಳಿ. ಆ ನೀಲಿ ಬಟ್ಟೆ ಅರ್ಧಕ್ಕೆ ನಿಂತಿದೆ" ಎಂದಳು.

ಗುರುವಾರಕ್ಕೆ ಕಾಯದೆ ಡಾಕ್ಟರಿಗೆ ಫೋನ್ ಹೋಯಿತು. ರಕ್ತ ಗಟ್ಟಿಯಾಗದಂತೆ ಇಂಜೆಕ್ಷನ್ನು, ಆಮೇಲೆ ಮಾತ್ರೆ, ವಾರ ವಾರ ರಕ್ತಪರೀಕ್ಷೆ. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದಳು. ಅಷ್ಟು ದಿನವೂ ನಾನು ಬೈಗುಳಕ್ಕೆ ಕಾದೆ. ಟೀ ಸಕ್ಕರೆ ಹೆಚ್ಚಾಯಿತೆಂದು ಬೈದಳು, ದಿಂಬು ಸರಿಯಿಲ್ಲವೆಂದು ಬೈದಳು, ಬೈಯಬೇಕಾದ್ದಕ್ಕೆ ಬೈಯಲಿಲ್ಲ. ನನಗದು ಇನ್ನೂ ಕಷ್ಟವಾಯಿತು. ಅವಳಿಗೆ ಅರ್ಥವಾಗಿಲ್ಲವೇ, ಅಥವಾ ಹೊಟ್ಟೆಯಲ್ಲಿಟ್ಟುಕೊಂಡಿದ್ದಾಳೆಯೇ ಎಂದು ಅವಳ ಮುಖ ಕದ್ದು ನೋಡುತ್ತಿದ್ದೆ. ಕೆಳಮಹಡಿಯಲ್ಲಿ ಬಾಡಿಗೆಗೆ ಒಂದು ಕೋಣೆ ಸಿಕ್ಕಿತು, ಅಲ್ಲಿಗೆ ಬಂದೆವು.

ಪಟ್ಟಿಯಲ್ಲಿ ಇನ್ನೂ ಇಪ್ಪತ್ತನಾಲ್ಕು ಹೆಸರಿದ್ದವು. "ನೋಟುಬುಕ್ಕು ಕೊಡಿ. ಫೋನ್ ನಾನು ಮಾಡ್ತೀನಿ" ಎಂದೆ. ಪತ್ತೇದಾರಮ್ಮ ಕೊಟ್ಟಳು, ಕೊಟ್ಟು, ನಾನು ನಿಜವಾಗಿ ಮಾಡುತ್ತೇನೋ ಇಲ್ಲವೋ ಎಂದು ಪಕ್ಕದಲ್ಲೇ ಕೂತಳು. ಫೋನಿನಲ್ಲಿ ಹೆಂಗಸರು, "ಏನೂ ಇಲ್ಲ ಅಂದಿದ್ರಲ್ಲ ಅಣ್ಣ, ಈಗ್ಯಾಕೆ?" ಎಂದು ಅನುಮಾನದಿಂದ ಕೇಳುವರು. ಮೊದಲ ಇಬ್ಬರಿಗೆ, "ಸುಮ್ನೆ, ಇನ್ನೊಂದ್ಸಲ ನೋಡೋಣ ಅಂತ" ಎಂದೆ. ಆಕೆ ಗಂಟಲು ಸರಿಮಾಡಿಕೊಂಡಳು. ಮೂರನೆಯವರಿಂದ, "ನಾನು ಸರಿಯಾಗಿ ನೋಡಿರಲಿಲ್ಲ ಅಮ್ಮ, ತಪ್ಪು ನನ್ನದು" ಎಂದೆ. ಒಬ್ಬರ ಮನೆಯಲ್ಲಿ ಮಗಳು ಎತ್ತಿದಳು. ಅಮ್ಮ ಹೋಗಿ ಐದು ತಿಂಗಳಾಯಿತು ಎಂದಳು. ಮಲಗಿದ್ದವರು ಬೆಳಿಗ್ಗೆ ಏಳಲಿಲ್ಲವಂತೆ. ಏನು ವಿಷಯ ಸರ್ ಎಂದು ಕೇಳಿದಳು. ಅವಳಿಗೂ ಅದನ್ನೇ ಹೇಳಿದೆ. ಅವಳು ಫೋನ್ ಇಟ್ಟಳು. ಅವರ ಸಾವಿಗೆ ಕಾರಣ ಅದೇ ಹೌದೋ ಅಲ್ಲವೋ ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಉಳಿದವರೆಲ್ಲ ಬಂದರು. ಇನ್ನೂ ಐದು ಜನರಿಗೆ ತುದಿ ಕೆಟ್ಟಿತ್ತು.

ಈಗ ಹೆಂಗಸರನ್ನು ಆಕೆಯೇ ನೋಡುತ್ತಾಳೆ. ಆಕೆ ರಜೆಯಲ್ಲಿದ್ದರೆ ನಾನು ನೋಡುತ್ತೇನೆ, ನರ್ಸನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಇಡಬೇಕಾದ ಜಾಗದಲ್ಲೇ ಇಟ್ಟು. ಮರುದಿನ ಬಂದು ಆಕೆ ನನ್ನ ಚಿತ್ರಗಳ ಉದ್ದ ಅಳೆಯುತ್ತಾಳೆ. ನಾನು ಆಕೆಯವನ್ನು ಅಳೆಯುತ್ತೇನೆ. ಮೊದಮೊದಲು ಸೇಡಿಗೆ ಅಳೆಯುತ್ತಿದ್ದೆ, ಎಲ್ಲಾದರೂ ಸಿಕ್ಕಿಬೀಳುತ್ತಾಳೇನೋ ಎಂದು. ಎರಡು ಸಲ ಸಿಕ್ಕಿಬಿದ್ದಳು ಕೂಡ. ಕೋಪ ಮಾಡಿಕೊಳ್ಳುತ್ತಾಳೆಂದುಕೊಂಡರೆ, "ಥ್ಯಾಂಕ್ಸ್ ಸರ್, ಹೀಗೇ ನೋಡ್ತಿರಿ" ಎಂದು ರೋಗಿಯನ್ನು ಮತ್ತೆ ಕರೆಸಿದಳು. ಇಂಥವಳ ಹತ್ತಿರ ಜಗಳವಾಡುವುದಾದರೂ ಹೇಗೆ ಹೇಳಿ.

ಮೂರು ತಿಂಗಳಾದ ಮೇಲೆ ಅಕ್ಕನಿಗೆ ಮತ್ತೆ ಎಕೋ. ನಾನು ಪರದೆಯ ಈಚೆ, ಸ್ಕ್ರೀನಿನ ಮುಂದೆ. ಉಸಿರು ಹೊರಗೆ ಬಿಡಿ ಎಂದು ಆಕೆ ಹೇಳಿದರೆ ಅಕ್ಕನ ಜೊತೆ ನಾನೂ ಬಿಟ್ಟೆ. ತುದಿ ಬಂತು. ಸತ್ತದ್ದು ಸತ್ತೇ ಇತ್ತು. ಆದರೆ ಜೇಬು ಖಾಲಿ. ಆಕೆ ಆ ಕಡೆಯಿಂದ, ಈ ಕಡೆಯಿಂದ, ಮೇಲಿಂದ, ಕೆಳಗಿಂದ ನೋಡಿದಳು. ಹದಿನೈದು ನಿಮಿಷ ಬಿಡಲೇ ಇಲ್ಲ. ಕೊನೆಗೆ, "ಇಲ್ಲ ಸರ್. ಗಡ್ಡೆ ಪೂರ್ತಿ ಕರಗಿದೆ. ಬೇಕಿದ್ರೆ ನೀವೂ ಒಂದ್ಸಲ ನೋಡಿ" ಎಂದಳು. ಬೇಕಿರಲಿಲ್ಲ. ನನ್ನ ಕಣ್ಣಿಗೇನೂ ಕಾಣುತ್ತಿರಲಿಲ್ಲ, ನೀರು ತುಂಬಿಬಿಟ್ಟಿತ್ತು.

ಪರದೆಯ ಆಚೆ ಅಕ್ಕ ಜೆಲ್ ಒರೆಸಿಕೊಂಡು ಬಟ್ಟೆ ಹಾಕಿಕೊಳ್ಳುತ್ತಿದ್ದಳು. ನಾನಿರುವುದು ಅವಳಿಗೆ ಮರೆತುಹೋಗಿತ್ತೋ, ನನಗೆ ಕೇಳಲೆಂದೇ ಹೇಳಿದಳೋ ಇವತ್ತಿಗೂ ಗೊತ್ತಿಲ್ಲ.

"ನಿಮಗೊಂದು ವಿಷಯ ಹೇಳ್ತೀನಿ ಕಣಮ್ಮ" ಎಂದಳು. "ಅವನು ಏನೂ ಇಲ್ಲ ಅಂದ್ನಲ್ಲ, ನನಗೆ ಅವನ ಮೇಲೆ ಒಂದು ಚೂರೂ ಅನುಮಾನ ಬರಲಿಲ್ಲ. ನನ್ನ ಮೇಲೇ ಬಂತು. ಸೋಮಾರಿ ಆಗ್ತಿದೀನೇನೋ, ನಾಟಕ ಆಡ್ತಿದೀನೇನೋ ಅಂತ. ಉಬ್ಬಸ ಬಂದಾಗೆಲ್ಲ ನನ್ನನ್ನೇ ಬೈಕೊಂಡು ಇನ್ನೂ ಜೋರಾಗಿ ಮೆಟ್ಟಿಲು ಹತ್ತಿದೀನಿ. ನಿಂತ್ಕೊಂಡ್ರೆ ಅವನು ನೋಡಿ ನಗ್ತಾನೆ ಅಂತ ಕೀಲಿ ಹುಡುಕೋ ಹಾಗೆ ಮಾಡ್ತಿದ್ದೆ."

"ಇನ್ಮೇಲೆ ನಿಮ್ಮನ್ನೊಬ್ಬರನ್ನ ಬಿಟ್ಟು ಬೇರೆ ಎಲ್ಲರನ್ನೂ ಅನುಮಾನಿಸಿ ಅಮ್ಮ" ಎಂದಳು ಪತ್ತೇದಾರಮ್ಮ.

"ಇವನನ್ನೂ?"

"ಇವರನ್ನೇ ಮೊದಲು."

ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಪರದೆ ಸರಿಸಿಕೊಂಡು ಅಕ್ಕ ಹೊರಗೆ ಬಂದಳು. "ನಡಿಯೋ, ಅಂಗಡಿಗೆ ಹೊತ್ತಾಯ್ತು" ಎಂದಳು. ಬಾಗಿಲ ತನಕ ಹೋದವಳು ಏನೋ ನೆನಪಾದಂತೆ ನಿಂತು, ನನ್ನನ್ನು ದಾಟಿ ಆಕೆಯ ಕಡೆ ನೋಡಿ ಕೇಳಿದಳು. "ನಿಜವಾಗ್ಲೂ ಕರಗಿದೆಯಾ ಅಮ್ಮ?"